ಅಂಬಾಸಿಡರ್‌ಗೆ ಫಿಲ್ಟರ್ ಸಿಕ್ತಾ?

ಹಲಸೂರಿನಲ್ಲಿ ಯಾರ ಮನೇಲಿ ಹಳೇ ಕಾರಿದೆ ಅನ್ನೋದನ್ನ ಕಾರು ನೋಡದೇನೇ ಹೇಳಿಬಿಡಬಹುದು. ಗೇಟಿನ ಮುಂದಿನ ನೆಲ ನೋಡಿದರೆ ಸಾಕು. ರಂಗೋಲಿಯ ಪಕ್ಕದಲ್ಲೇ ಅಂಗೈಯಗಲದ ಒಂದು ಕಪ್ಪು ಕಲೆ ಇರುತ್ತೆ. ರಂಗೋಲಿ ದಿನಾ ಬೆಳಗ್ಗೆ ಬದಲಾಗುತ್ತೆ, ಕಲೆ ಮಾತ್ರ ಬದಲಾಗೋದಿಲ್ಲ. ಬೇಕಾದರೆ ಸ್ವಲ್ಪ ಅಗಲವಾಗುತ್ತೆ. ಮನೆಯಾಕೆ ಅದರ ಮೇಲೆ ಸೋಪಿನ ಪುಡಿ ಉದುರಿಸಿ, ತೆಂಗಿನ ನಾರಲ್ಲಿ ಗಸಗಸ ತಿಕ್ಕಿ, ಕೊನೆಗೆ "ಇದು ನನ್ನ ಹಣೇಬರಹ" ಅಂತ ಕೈಬಿಟ್ಟಿರುತ್ತಾರೆ. ಯಜಮಾನರನ್ನ ಕೇಳಿ ನೋಡಿ. "ಬ್ರಿಟಿಷ್ ಎಂಜಿನ್ ಅಂದ್ಮೇಲೆ ಸ್ವಲ್ಪ ಸೋರಲೇಬೇಕು ಸಾರ್. ಸೋರ್ತಾ ಇದೆ ಅಂದ್ರೆ ಒಳಗೆ ಆಯಿಲ್ ಇದೆ ಅಂತಾಯ್ತಲ್ಲ!" ಅನ್ನುತ್ತಾರೆ. ವಾದದಲ್ಲೇನೂ ತಪ್ಪಿಲ್ಲ, ಅಲ್ವಾ?

ನಮ್ಮ ಕಾಂಪೌಂಡಿನ ಆಚೆ ಅಂಥವರೊಬ್ಬರಿದ್ದಾರೆ, ರಿಟೈರಾದ ಮೇಷ್ಟ್ರು. ಬಿಳೀ ಅಂಬಾಸಿಡರ್. ನಂಬರ್ ಪ್ಲೇಟಿನಲ್ಲಿ ಕೆಎ ಇಲ್ಲ, ಅದಕ್ಕೂ ಹಿಂದಿನ ಕಾಲದ ಸಿಎ ಅಕ್ಷರಗಳು. ಕಾರು ಓಡೋದು ಅಷ್ಟಕ್ಕಷ್ಟೇ. ಭಾನುವಾರ ಕೆರೆ ಸುತ್ತ ಒಂದು ಸುತ್ತು, ಕಾರ್ತೀಕ ಸೋಮವಾರ ಸೋಮೇಶ್ವರನ ಗುಡಿಯ ತನಕ, ಆಯುಧಪೂಜೆ ದಿನ ನಿಂಬೆಹಣ್ಣಿನ ಮೇಲೆ ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ. ಆದರೆ ಆಯಿಲ್ ಬದಲಾಯಿಸೋ ವಿಷಯದಲ್ಲಿ ಮನುಷ್ಯ ಮಹಾ ನೇಮಿಷ್ಠ. ಆಯಿಲ್ ಬದಲಾದರೆ ಫಿಲ್ಟರೂ ಬದಲಾಗಬೇಕು. ಫಿಲ್ಟರ್ ಬದಲಾಗಬೇಕಾದರೆ ಮೊದಲು ಅದು ಸಿಗಬೇಕು. ಅಲ್ಲಿಗೆ ನಮ್ಮ ಬೀದಿಗೆ ಆರು ತಿಂಗಳಿಗೊಂದು ವಿಷಯ ಸಿಕ್ಕಿತು ಅನ್ನಿ. ಗೋಡೆಯಾಚೆ ತಲೆ ಕಂಡರೆ ಊಟ ಆಯ್ತಾ ಅಂತ ಯಾರೂ ಕೇಳೋದಿಲ್ಲ, "ಮೇಷ್ಟ್ರೇ, ಫಿಲ್ಟರ್ ಸಿಕ್ತಾ?" ಅಂತಾರೆ.

ಏನ್ರೀ ಇದು, ದೇಶದಲ್ಲೆಲ್ಲಾ ಓಡಾಡಿದ ಕಾರು, ಮಂತ್ರಿಗಳಿಂದ ಟ್ಯಾಕ್ಸಿಯವರ ತನಕ ಎಲ್ಲರೂ ಕೂತ ಕಾರು, ಅದರದ್ದೊಂದು ಫಿಲ್ಟರ್ ಸಿಗೋದಿಲ್ವಾ ಅಂತೀರಾ? ಸಿಗುತ್ತೆ. ಆದರೆ ಯಾವ ಅಂಬಾಸಿಡರ್‌ಗೆ ಅನ್ನೋದೇ ಪ್ರಶ್ನೆ. ಹೊರಗಿನಿಂದ ನೋಡಿದವರಿಗೆ ಅದು ಹುಟ್ಟಿದಾಗಿನಿಂದ ಸಾಯೋ ತನಕ ಒಂದೇ ಮುಖದ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಶುರುವಾದದ್ದು 2014ರಲ್ಲಿ ನಿಲ್ಲೋವರೆಗೂ ದುಂಡು ಬೆನ್ನು ಬಿಡಲಿಲ್ಲ. ಬಾನೆಟ್ ಎತ್ತಿದರೆ ಮಾತ್ರ ಸಂಸಾರದ ಗುಟ್ಟೆಲ್ಲಾ ಹೊರಬೀಳುತ್ತೆ. ಬಹುಕಾಲ ಇದ್ದದ್ದು ಬಿಎಂಸಿಯ 1489 ಸಿಸಿ ಪೆಟ್ರೋಲ್ ಎಂಜಿನ್. 1980ರ ಹೊತ್ತಿಗೆ ಡೀಸೆಲ್ ಬಂತು. 90ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಬಂದು ಕೂತಿತು. ಅದಕ್ಕೇ ಕೌಂಟರಿನಲ್ಲಿ "ಅಂಬಾಸಿಡರ್ ಆಯಿಲ್ ಫಿಲ್ಟರ್ ಕೊಡಿ" ಅಂದರೆ ಅಂಗಡಿಯವರು ತಲೆ ಎತ್ತದೇನೇ ಕೇಳೋದು: "ಪೆಟ್ರೋಲಾ, ಡೀಸೆಲ್ಲಾ? ಬಿಎಂಸಿನಾ, ಇಸುಜುನಾ?" ಆಮೇಲೆ ತಲೆ ಎತ್ತಿ, ಎಲ್ಲಾ ಪ್ರಶ್ನೆಗಳ ತಾಯಿಯಂಥ ಪ್ರಶ್ನೆ: "ಸ್ಯಾಂಪಲ್ ತಂದಿದ್ದೀರಾ?"

ಈ ಸ್ಯಾಂಪಲ್ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಬಿಎಂಸಿ ಕಥೆ ಮುಗಿಸಿಬಿಡೋಣ. ಮೇಷ್ಟ್ರಿಗೆ ಆ ಎಂಜಿನ್ ಬಗ್ಗೆ ಭಾರೀ ಹೆಮ್ಮೆ. 1955ರಲ್ಲಿ ಬಂದ ಎಂಜಿಎ ಅನ್ನೋ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿಗೂ ಇದೇ 1489 ಸಿಸಿ ಎಂಜಿನ್ ಇತ್ತು ನೋಡಿ. "ನಂದು ಸ್ಪೋರ್ಟ್ಸ್ ಕಾರಿನ ಎಂಜಿನ್ನು" ಅಂತ ಅವರು ಹೇಳೋದೂ, ಟ್ರಿನಿಟಿ ಸರ್ಕಲ್‌ ಸಿಗ್ನಲ್‌ನಲ್ಲಿ ಹಸಿರು ಬಿದ್ದಾಗ ಹಿಂದಿನ ಆಟೋದವರು ಹಾರ್ನ್ ಮಾಡೋದೂ ಒಟ್ಟೊಟ್ಟಿಗೆ ನಡೆಯುತ್ತೆ. ತಮಾಷೆ ಏನಂದ್ರೆ, ಆ ಎಂಜಿ ಕಾರುಗಳನ್ನ ಸಾಕಿಕೊಂಡಿರೋ ಇಂಗ್ಲೆಂಡಿನವರಿಗೆ ಇವತ್ತಿಗೂ ಫಿಲ್ಟರ್, ರಬ್ಬರ್ ರಿಂಗು, ಬೋಲ್ಟು ಎಲ್ಲಾ ಹೊಸದಾಗಿ ಸಿಗುತ್ತೆ. ಲಕ್ಷಗಟ್ಟಲೆ ಅಂಬಾಸಿಡರ್ ಓಡಿದ ನಮ್ಮೂರಲ್ಲಿ ಹುಡುಕಾಟ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದ ಹಾಗಾಯ್ತು, ಬಿಡಿ.

ಆ ಫಿಲ್ಟರ್ ಇದೆಯಲ್ಲ, ಅದು ಈಗಿನ ಕಾರಿನ ಡಬ್ಬಿ ಫಿಲ್ಟರ್ ಥರದ್ದಲ್ಲ. ಕಬ್ಬಿಣದ ಒಂದು ಬೋಗುಣಿ. ಅದರ ನಡುವೆ ಉದ್ದನೆಯ ಒಂದು ಬೋಲ್ಟು. ಬೋಗುಣಿಯೊಳಗೆ ಕೆಳಗಿನಿಂದ ಸ್ಪ್ರಿಂಗು, ಅದರ ಮೇಲೆ ವಾಷರು, ಸೀಲು, ಒಂದು ಪುಟ್ಟ ತಟ್ಟೆ, ಆಮೇಲೆ ಕಾಗದದ ಮಡಿಕೆಯ ಎಲಿಮೆಂಟು. ಬದಲಾಯಿಸೋದು ಎಲಿಮೆಂಟನ್ನ ಮಾತ್ರ, ಉಳಿದದ್ದೆಲ್ಲಾ ಕಾರಿನ ಆಸ್ತಿ. ಈ ತಟ್ಟೆಯದ್ದೇ ಒಂದು ಕಿತಾಪತಿ. ವರ್ಷಗಟ್ಟಲೆ ಆಯಿಲ್‌ನಲ್ಲಿ ನೆನೆದು ಅದು ಹಳೇ ಎಲಿಮೆಂಟಿನ ತಳಕ್ಕೆ ಅಂಟಿಕೊಂಡಿರುತ್ತೆ. ಅವಸರದ ಮೆಕ್ಯಾನಿಕ್ ಹುಡುಗ ಎಲಿಮೆಂಟ್ ಎಳೆದು ಕಸಕ್ಕೆ ಎಸೆದರೆ ತಟ್ಟೆಯೂ ಜೊತೆಗೇ ಕಸ ಸೇರಿತು. ಹೊಸ ಎಲಿಮೆಂಟ್ ಹಾಕಿ ಮುಚ್ಚಿದರೆ ಮೇಲ್ನೋಟಕ್ಕೆ ಎಲ್ಲಾ ಸರಿ. ಲೈಟ್ ಉರಿಯೋದಿಲ್ಲ, ಸದ್ದು ಬರೋದಿಲ್ಲ. ಆದರೆ ಒಳಗೆ ಒತ್ತಿ ಹಿಡಿಯೋ ತಟ್ಟೆ ಇಲ್ಲದೆ ಆಯಿಲ್ ಎಲಿಮೆಂಟಿನ ಪಕ್ಕದಿಂದ ನುಸುಳಿಕೊಂಡು, ಸೋಸಿಸಿಕೊಳ್ಳದೆ ಹಾಗೇ ಎಂಜಿನ್ನಿಗೆ ಹೋಗ್ತಿರುತ್ತೆ. ಫಿಲ್ಟರ್ ಇದೆ, ಕೆಲಸಕ್ಕಿಲ್ಲ. ನಮ್ಮ ಬೀದಿಯ ಕೊನೇ ಮನೆಯವರ ಕಾರಿನಲ್ಲಿ ಈ ತಟ್ಟೆ ಎಷ್ಟು ವರ್ಷದಿಂದ ಇರಲಿಲ್ಲವೋ ಆ ಸೋಮೇಶ್ವರನಿಗೇ ಗೊತ್ತು. ಬಹಳ ನಂಬಿಕೆಯಿಂದ ಪ್ರತಿ ಸಲ ಹೊಸ ಎಲಿಮೆಂಟ್ ಹಾಕಿಸ್ತಾನೇ ಇದ್ದರಂತೆ, ಪಾಪ!

ಇನ್ನೊಂದು ರಬ್ಬರ್ ರಿಂಗಿನದು. ಬೋಗುಣಿಯ ಅಂಚು ಕೂರೋ ಕಡೆ ಮೇಲೊಂದು ಗಾಡಿ ಇರುತ್ತೆ. ಅಯ್ಯೋ, ಓಡೋ ಗಾಡಿ ಅಲ್ಲ ಮಾರಾಯ್ರೇ, ಕೊರೆದ ಸಂದು. ಅದರೊಳಗೆ ರಿಂಗು ಕೂತಿರುತ್ತೆ. ಹಳೇದು ಕಪ್ಪಗೆ ಕಲ್ಲಾಗಿ ಲೋಹದ ಜೊತೆ ಒಂದಾಗಿಬಿಟ್ಟಿರುತ್ತೆ. ಟಾರ್ಚ್ ಬಿಟ್ಟು ನೋಡಿದರೂ ರಿಂಗ್ ಇದೆ ಅಂತ ಕಾಣೋದಿಲ್ಲ. ಅದರ ಮೇಲೆ ಹೊಸದನ್ನ ಕೂರಿಸಿ ಬೋಲ್ಟ್ ಬಿಗಿದರೆ ಎರಡು ರಿಂಗು ಸೇರಿ ಒಂದೂ ಸರಿಯಾಗಿ ಕೂರೋದಿಲ್ಲ. ಎಂಜಿನ್ ಶುರು ಮಾಡಿ, ಪ್ರೆಷರ್ ಏರಿತೋ, ರಂಗೋಲಿ ಪಕ್ಕದ ಕಲೆ ಅಂಗೈಯಗಲದಿಂದ ಚಾಪೆಯಗಲಕ್ಕೆ ಬಂತು ಅಂತಾನೇ ಲೆಕ್ಕ. ಹಳೇ ಮೆಕ್ಯಾನಿಕ್‌ಗಳು ದಬ್ಬಣ ಇಟ್ಟುಕೊಂಡಿರೋದು ಇದಕ್ಕೇ. ಗೋಣಿಚೀಲ ಹೊಲಿಯೋ ದಬ್ಬಣದಲ್ಲಿ ಸುತ್ತಲೂ ಕೆದಕಿ, ತುಣುಕು ತುಣುಕಾಗಿ ಹಳೇ ರಿಂಗು ಕೀಳ್ತಾರೆ. ಅರ್ಧ ಗಂಟೆ ಕೆಲಸ, ಆದರೆ ಯಾವ ಬಿಲ್ಲಿನಲ್ಲೂ ಬರೆಯೋ ಹಾಗಿಲ್ಲ.

ಸರಿ, ಎಲಿಮೆಂಟ್ ಹುಡುಕೋಕೆ ಹಲಸೂರಿನವರು ಎಲ್ಲಿಗೆ ಹೋಗ್ತಾರೆ? ಎರಡೇ ದಿಕ್ಕು. ಹೊಸದು ಬೇಕಾದರೆ ಜೆ.ಸಿ. ರಸ್ತೆ, ಹಳೇದಾದರೂ ಸರಿ ಅಂದರೆ ಶಿವಾಜಿನಗರದ ಗುಜರಿ.

ಜೆ.ಸಿ. ರಸ್ತೆಗೆ ಹೋಗೋದು ಈಗ ಸುಲಭ. 2011ರ ಅಕ್ಟೋಬರಿನಲ್ಲಿ ನಮ್ಮೂರಿಗೆ ಮೆಟ್ರೋ ಬಂತಲ್ಲ, ಹಲಸೂರು ಸ್ಟೇಷನ್ನಿನಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಟೌನ್‌ಹಾಲ್ ಕಡೆಗೆ ನಡೆದೇ ಹೋಗಬಹುದು. ತೊಂದರೆ ಇರೋದು ಸ್ಯಾಂಪಲ್‌ನದ್ದು. ಆಯಿಲ್ ಜಿನುಗೋ ಹಳೇ ಎಲಿಮೆಂಟನ್ನ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿಗೆ ಹಾಕಿ, ಅದನ್ನ ಬಟ್ಟೆ ಚೀಲದಲ್ಲಿಟ್ಟುಕೊಂಡು ಮೇಷ್ಟ್ರು ಬ್ಯಾಗ್ ತಪಾಸಣೆ ಯಂತ್ರದ ಮುಂದೆ ನಿಂತರೆ, ಪರದೆ ಮೇಲೆ ತೂತು ತೂತಿನ ಕೊಳವೆಯೊಂದು ಕಾಣುತ್ತೆ. "ಏನ್ ಸಾರ್ ಇದು?" "ಸ್ಯಾಂಪಲ್ಲಪ್ಪಾ." "ಯಾವುದರ ಸ್ಯಾಂಪಲ್?" ಆಸ್ಪತ್ರೆ, ಲ್ಯಾಬು ಏನೇನೋ ಊಹೆ ಮಾಡಿಕೊಂಡ ಆ ಕಾವಲಿನ ಹುಡುಗ ಎರಡಡಿ ಹಿಂದೆ ಸರಿದು ಮುಖದ ಮೇಲೆ ಕೈ ಇಟ್ಟುಕೊಂಡನಂತೆ. ಅಲ್ಲಿಂದೀಚೆಗೆ ಮೇಷ್ಟ್ರು ಹಿಂದಿನ ದಿನವೇ ಅದನ್ನ ತಂತಿಗೆ ನೇತುಹಾಕಿ ಒಣಗಿಸ್ತಾರೆ. ಹಿತ್ತಲ ತಂತಿಯಲ್ಲಿ ಪಂಚೆ, ಟವಲ್ಲು, ಎಲಿಮೆಂಟು, ಸಾಲಾಗಿ.

ಜೆ.ಸಿ. ರಸ್ತೆ ಅಂದಾಗ ನೆನಪಾಯ್ತು. ಆ ರಸ್ತೆಗೆ ಹೆಸರಿಟ್ಟಿರೋದು ಜಯಚಾಮರಾಜ ಒಡೆಯರದ್ದಲ್ಲವೇ? ಅದೇ ಮಹಾರಾಜರೇ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನ ಉದ್ಘಾಟಿಸಿದ್ದು. 1996ರಲ್ಲಿ ಮುಚ್ಚುವ ತನಕ ಅಲ್ಲಿಂದ ಹೊರಬಿದ್ದ ಜಾವಾ, ಯೆಜ್ದಿಗಳ ಡುಗುಡುಗು ಸದ್ದು ಕೇಳದ ಊರು ಕರ್ನಾಟಕದಲ್ಲಿ ಎಲ್ಲಿತ್ತು ಹೇಳಿ? ನಮ್ಮ ಚಿಕ್ಕಪ್ಪನ ಹತ್ತಿರ ಒಂದಿತ್ತು. ಅವರು ಪೆಟ್ರೋಲ್ ಬಂಕಿಗೆ ಹೋದರೆ ಪೆಟ್ರೋಲಿನ ಜೊತೆಗೇ ಆಯಿಲ್ ಅಳೆದು ಟ್ಯಾಂಕಿಗೆ ಸುರಿಸಿ, ಗಾಡಿಯನ್ನ ಎಡಕ್ಕೂ ಬಲಕ್ಕೂ ಕುಲುಕಾಡಿಸುತ್ತಿದ್ದರು, ಬೆರೀಲಿ ಅಂತ. ಟೂ ಸ್ಟ್ರೋಕ್ ನೋಡಿ. ಆಯಿಲ್ ಪೆಟ್ರೋಲಿನ ಜೊತೆಗೇ ಹೋಗಿ, ಉರಿದು, ಹಿಂದಿನವರ ಮುಖಕ್ಕೆ ನೀಲಿ ಹೊಗೆಯಾಗಿ ಬೀಳೋದು. ತಿರುಗಿ ಬಂದರೆ ತಾನೇ ಸೋಸೋದು? ಹಾಗಾಗಿ ಆಯಿಲ್ ಫಿಲ್ಟರ್ ಅನ್ನೋ ತಾಪತ್ರಯವೇ ಇಲ್ಲ. ಹಳೇ ಬಜಾಜ್ ಚೇತಕ್‌ದೂ ಅದೇ ಜಾತಿ. ಜಾವಾದವರು ಏನೇನೋ ಹುಡುಕ್ತಾರೆ, ಇದೊಂದನ್ನ ಮಾತ್ರ ಹುಡುಕೋದಿಲ್ಲ. ಪುಣ್ಯವಂತರು.

ಬುಲೆಟ್‌ನವರಿಗೆ ಆ ಪುಣ್ಯ ಇಲ್ಲ. ನಮ್ಮ ಬಾಗಿಲಲ್ಲೇ ಹಾದುಹೋಗೋ ಹಳೇ ಮದ್ರಾಸ್ ರಸ್ತೆಯ ಆ ತುದಿಯ ಊರಿನ ತಿರುವೊಟ್ಟಿಯೂರಿನಲ್ಲಿ ತಯಾರಾಗುತ್ತಿದ್ದ ಎರಕದ ಕಬ್ಬಿಣದ ಬುಲೆಟ್‌ಗೆ ಉಣ್ಣೆ ಬಟ್ಟೆಯ ಥರದ್ದೊಂದು ಫೆಲ್ಟ್ ಫಿಲ್ಟರು. ಮಿಲಿಟರಿ ಹರಾಜಿನ ಜೀಪಿನ ಕಥೆಯೇ ಬೇರೆ. ನಮ್ಮ ಕೆರೆ ಪಕ್ಕದಲ್ಲೇ ಎಂಇಜಿ ಸೇನಾ ಕೇಂದ್ರ ಇರೋದರಿಂದ ಜೀಪಿನ ಹುಚ್ಚಿನವರು ಈ ಕಡೆ ಮೊದಲಿಂದಲೂ ಜಾಸ್ತಿ. ಹಳೇ ವಿಲ್ಲೀಸ್‌ನಲ್ಲಿ ಎಲ್ಲಾ ಆಯಿಲೂ ಫಿಲ್ಟರಿನ ಮೂಲಕ ಹೋಗೋದಿಲ್ಲ. ಒಂದು ಪಾಲು ಮಾತ್ರ ಅತ್ತ ತಿರುಗಿ, ಸೋಸಿಕೊಂಡು ಕೆಳಗೆ ಬೀಳುತ್ತೆ, ಉಳಿದದ್ದು ನೇರ ಎಂಜಿನ್ನಿಗೆ. 1920ರ ದಶಕದಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಅನ್ನುವಾತ ಮೊದಮೊದಲು ಕಾರಿಗೆ ಆಯಿಲ್ ಫಿಲ್ಟರ್ ಕಟ್ಟಿದಾಗಲೂ ಇದೇ ಏರ್ಪಾಡು. ಹಾಗಂತ ಜೀಪಿನವರು "ನಮಗೆ ಫಿಲ್ಟರ್ ಸಿಗದಿದ್ರೂ ನಡೆಯುತ್ತೆ" ಅಂತ ಮೀಸೆ ತಿರುವಿದರೆ ನಂಬಬೇಡಿ. ನಡೆಯೋದಕ್ಕೂ ಬಾಳೋದಕ್ಕೂ ವ್ಯತ್ಯಾಸ ಇಲ್ವೇನ್ರೀ?

ಎಲ್ಲಿದ್ದೆ? ಹಾಂ, ಜೆ.ಸಿ. ರಸ್ತೆ. ಒಂದು ಕಡೆ ರವೀಂದ್ರ ಕಲಾಕ್ಷೇತ್ರ, ಇನ್ನೊಂದು ತುದಿಗೆ ಮಿನರ್ವ ಸರ್ಕಲ್, ನಡುವೆಲ್ಲಾ ಬೇರಿಂಗು, ಕ್ಲಚ್ ಪ್ಲೇಟು, ಸೀಟ್ ಕವರು. ಹೆಂಡತಿಯನ್ನ ನಾಟಕಕ್ಕೆ ಕರೆದುಕೊಂಡು ಹೋಗೋ ನೆಪದಲ್ಲಿ ಒಂದು ಗಂಟೆ ಮುಂಚೆ ಹೊರಟು ಗ್ಯಾಸ್ಕೆಟ್ ಕೊಂಡ ಗಂಡಂದಿರು ಈ ಊರಲ್ಲಿ ಬಹಳ ಜನ ಇದ್ದಾರೆ. ಅಲ್ಲಿಯ ಹಳೇ ಅಂಗಡಿಗಳಲ್ಲಿ ಕಂಪ್ಯೂಟರ್ ಮುಂದೆ ಮಗ ಕೂತಿರುತ್ತಾನೆ, ಮೂಲೆ ಸ್ಟೂಲಿನ ಮೇಲೆ ಅಪ್ಪನೋ, ಹಳೇ ಗುಮಾಸ್ತರೋ. ಕಂಪ್ಯೂಟರಿಗೆ ಕಾರಿನ ಹೆಸರು ಒತ್ತಿದರೆ "ಸ್ಟಾಕ್ ಇಲ್ಲ" ಅನ್ನುತ್ತೆ. ಸ್ಟೂಲಿನವರು ಸ್ಯಾಂಪಲ್ ಕೈಗೆ ತಗೊಂಡು, ಒಂದು ಸಲ ತಿರುಗಿಸಿ, ಹೆಬ್ಬೆರಳಲ್ಲಿ ಒಳಗಿನ ತೂತು ಅಳೆದು, "ಮೇಲಿನ ಅಟ್ಟ, ಎಡಗಡೆ, ಟ್ರ್ಯಾಕ್ಟರ್ ಡಬ್ಬದ ಹಿಂದೆ ನೋಡೋ" ಅಂತಾರೆ. ಹುಡುಗ ಏಣಿ ಹತ್ತಿ ಧೂಳು ಕೊಡವಿದರೆ, ಇರುತ್ತೆ! ಅದು ಬೇರೆ ಯಾವುದೋ ಗಾಡಿಯ ಹೆಸರಿನ ಡಬ್ಬಿಯಲ್ಲಿ ಇರುತ್ತೆ ಅನ್ನೋದೇ ಮಜಾ. ಎಂಜಿನ್ನಿಗೆ ಡಬ್ಬಿ ಮೇಲಿನ ಹೆಸರು ಓದೋಕೆ ಬರೋದಿಲ್ಲವಲ್ಲ, ಅಳತೆ ಸರಿಯಿದ್ದರೆ ಆಯ್ತು.

ಅಳತೆ ಅಂದ್ನಲ್ಲ, ಅದರಲ್ಲೇ ಇರೋದು ಸೂಕ್ಷ್ಮ. ಮಾರುತಿ 800ರ ಕಾಲದಿಂದ ನಮ್ಮ ಬೀದಿಗಳಿಗೆ ಬಂದ ಡಬ್ಬಿ ಫಿಲ್ಟರ್ ನೋಡಿ. 1983ರಲ್ಲಿ ಬಂದು 2014ರಲ್ಲಿ ನಿಂತ ಆ ಕಾರೂ ಈಗ ಹಳೇ ಗಾಡಿಗಳ ಪಂಕ್ತಿಗೆ ಸೇರಿಬಿಟ್ಟಿದೆ, ಕಾಲ ಹೇಗೆ ಓಡುತ್ತೆ ಅಲ್ವಾ? ಡಬ್ಬಿ ಫಿಲ್ಟರನ್ನ ಕೈಯಲ್ಲೇ ತಿರುಗಿಸಿ ಕೂರಿಸಬಹುದು, ತಟ್ಟೆ, ಸ್ಪ್ರಿಂಗು ಯಾವ ರಗಳೆಯೂ ಇಲ್ಲ. ಆದರೆ ಗಂಡು ಹೆಣ್ಣಿಗೆ ಜಾತಕ ನೋಡಿದ ಹಾಗೆ ನಾಲ್ಕಾರು ಕೂಟ ಕೂಡಿಬರಲೇಬೇಕು: ಮರೆ (ತಿರುಪಿನ ಸುತ್ತು), ರಬ್ಬರಿನ ಸುತ್ತಳತೆ, ಎತ್ತರ, ಒಳಗಿನ ವಾಲ್ವು. ಇದರಲ್ಲಿ ಮರೆಯದ್ದೇ ಮೋಸ. ಒಂದು ಜಾತಿಗೆ ಮುಕ್ಕಾಲು ಇಂಚಿನ ಮರೆ, ಇಂಚಿಗೆ 16 ಸುತ್ತು. ಇನ್ನೊಂದಕ್ಕೆ 20 ಮಿಲಿಮೀಟರಿನದು, ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರು. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. ಒಂದು ಮಿಲಿಮೀಟರೂ ವ್ಯತ್ಯಾಸ ಇಲ್ಲ, ಬರಿಗಣ್ಣಿಗೆ ಅವಳಿ ಜವಳಿ. ಮುಕ್ಕಾಲು ಇಂಚಿನ ಕಂಬಕ್ಕೆ 20ರ ಡಬ್ಬಿ ಹಾಕಿ ತಿರುಗಿಸಿದರೆ ಸಲೀಸಾಗಿ ಒಂದಷ್ಟು ಹತ್ತಿಬಿಡುತ್ತೆ ಕೂಡ. "ನೋಡಿ ಸಾರ್, ಎಷ್ಟು ಸ್ಮೂತಾಗಿ ಹೋಯ್ತು" ಅಂತ ಹುಡುಗ ನಗ್ತಾನೆ. ಆ ಸ್ಮೂತೇ ಅಪಾಯ. ಬಿಗಿಯಾಗಿ ಹಿಡಿಯೋ ಹಲ್ಲಿಲ್ಲದೆ ಅದು ಸುಮ್ಮನೆ ನೇತಾಡ್ತಾ ಇರುತ್ತೆ, ಆಯಿಲ್ ಪ್ರೆಷರ್ ಏರಿದಾಗ ಕಿತ್ತುಕೊಂಡು ಬಂದರೆ ಎಂಜಿನ್ ಕಥೆ ಗೋವಿಂದಾ.

ವಾಲ್ವಿನದ್ದೂ ಹಾಗೇ. ಡಬ್ಬಿಯ ತೂತುಗಳ ಹಿಂದೆ ಒಂದು ರಬ್ಬರಿನ ಪದರ ಕಾಣುತ್ತೆ; ಕಾರು ನಿಂತಾಗ ಆಯಿಲ್ ಕೆಳಗಿಳಿದು ಹೋಗದಂತೆ ಅದು ತಡೆಯುತ್ತೆ. ಫಿಲ್ಟರ್ ಅಡ್ಡಡ್ಡ ಕೂರೋ ಗಾಡಿಯಲ್ಲಿ ಅದು ಸರಿಯಿಲ್ಲದಿದ್ದರೆ ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಒಂದು ಕ್ಷಣ ಕಟಕಟ ಅನ್ನುತ್ತೆ, ಆಮೇಲೆ ಸುಮ್ಮನಾಗುತ್ತೆ. ಆ ಒಂದು ಕ್ಷಣ ಎಂಜಿನ್ ಆಯಿಲ್ ಇಲ್ಲದೇ ಒಣಗಾಡ್ತಿರುತ್ತೆ. ಇನ್ನೊಂದು ಬೈಪಾಸ್ ವಾಲ್ವು, ಫಿಲ್ಟರ್ ಕಟ್ಟಿಕೊಂಡರೆ ಸೋಸದ ಆಯಿಲ್ಲಾದರೂ ಹೋಗಲಿ ಅಂತ ದಾರಿ ಬಿಡೋದು. ಕೊಳಕು ಆಯಿಲ್ ವಾಸಿ, ಇಲ್ಲದ ಆಯಿಲ್ಲಿಗಿಂತ. ಇದ್ಯಾವುದೂ ಹೊರಗೆ ಕಾಣೋದಿಲ್ಲ, ಅಗ್ಗದ ಡೂಪ್ಲಿಕೇಟಿನವರು ಉಳಿತಾಯ ಮಾಡೋದೂ ಅಲ್ಲೇ.

ಜೆ.ಸಿ. ರಸ್ತೆಯಲ್ಲೂ ಸಿಗಲಿಲ್ಲ ಅಂದರೆ ಶಿವಾಜಿನಗರ. 1927ರ ರಸೆಲ್ ಮಾರ್ಕೆಟ್ಟಿನ ಆಸುಪಾಸಿನ ಗುಜರಿ ಸಂದುಗಳಲ್ಲಿ ಬಿಚ್ಚಿಟ್ಟ ಕಾರುಗಳ ಬಾಗಿಲು, ಗ್ರಿಲ್ಲು, ಎಂಜಿನ್ನು ಗೋಡೆ ಎತ್ತರಕ್ಕೆ ಪೇರಿಸಿರ್ತಾರೆ. ಬಳಸಿದ ಎಲಿಮೆಂಟನ್ನ ಯಾರೂ ಕೊಳ್ಳೋದಿಲ್ಲ ಅನ್ನಿ. ಆದರೆ ಆ ಕಳೆದುಹೋದ ತಟ್ಟೆ, ಸ್ಪ್ರಿಂಗು, ಉದ್ದನೆ ಬೋಲ್ಟು? ಅವಕ್ಕೆ ಗುಜರಿಯೇ ಗತಿ. ಕನ್ನಡದಲ್ಲಿ ಕೇಳಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಚಹಾ ಹೇಳೋ ಜಾಗ ಅದು. ಕೊನೇ ಮನೆಯವರ ತಟ್ಟೆ ಕೊನೆಗೂ ಸಿಕ್ಕಿದ್ದು ಅಲ್ಲೇ. ಇಡೀ ಬೋಗುಣಿ ತಗೊಂಡರೆ ಮಾತ್ರ ತಟ್ಟೆ ಕೊಡ್ತೀನಿ ಅಂದನಂತೆ ಗುಜರಿಯವನು. ಹಾಗಾಗಿ ಈಗ ಅವರ ಮನೇಲಿ ಒಂದು ಬೋಗುಣಿ ಹೆಚ್ಚಾಗಿ, ಅದರಲ್ಲಿ ದೊಡ್ಡಪತ್ರೆ ಗಿಡ ಬೆಳೀತಾ ಇದೆ. ಚೆನ್ನಾಗೇ ಚಿಗುರಿದೆ.

ಇಷ್ಟೆಲ್ಲಾ ಒದ್ದಾಟ ಯಾಕೆ, ಮಾರಿಬಿಡಬಾರದಾ ಅಂತ ಹೊಸ ಕಾಲದವರು ಕೇಳ್ತಾರೆ. ಕೇಳಲಿ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನ 600 ರೂಪಾಯಿಯಿಂದ ಒಮ್ಮೆಗೇ 5,000ಕ್ಕೆ ಏರಿಸಿದಾಗಲೂ ಮೇಷ್ಟ್ರು ಗೊಣಗಿದರು, ಕಟ್ಟಿದರು, ಬಂದು ಕಾರು ಒರೆಸಿದರು. ಆನೆ ಸಾಕಿದವನಿಗೆ ಅಂಕುಶ ಭಾರವೇ? ಅವರ ಭಯ ಶುಲ್ಕದ್ದಲ್ಲ, ಸ್ಟೂಲಿನ ಮೇಲೆ ಕೂತವರದ್ದು. ಕಾರು ಇನ್ನೂ ಹತ್ತಾರು ವರ್ಷ ಓಡೀತು. ಅಟ್ಟದ ಎಡಗಡೆ, ಟ್ರ್ಯಾಕ್ಟರ್ ಡಬ್ಬದ ಹಿಂದೆ ಏನಿದೆ ಅಂತ ಬಲ್ಲವರು ಸ್ಟೂಲು ಬಿಟ್ಟು ಎದ್ದ ದಿನ, ಫಿಲ್ಟರ್ ಅಟ್ಟದ ಮೇಲೇ ಇರುತ್ತೆ, ಕಂಪ್ಯೂಟರ್ "ಸ್ಟಾಕ್ ಇಲ್ಲ" ಅನ್ನುತ್ತೆ. ಅವರ ತಲೆಯಲ್ಲಿರೋದನ್ನ ಯಾರೂ ಬರೆದಿಟ್ಟುಕೊಂಡಿಲ್ಲ. ಆ ಮಗ ಬರೆದುಕೊಳ್ಳೋದಿಲ್ಲ, ನಾವಾದರೂ ಬರೆದುಕೊಳ್ಳಬೇಕು.

ಆದ್ದರಿಂದ ಹಳೇ ಗಾಡಿ ಇಟ್ಟುಕೊಂಡ ನೆರೆಹೊರೆಯವರಲ್ಲಿ ನನ್ನದಿಷ್ಟೇ ವಿನಂತಿ. ಹೊಸ ಫಿಲ್ಟರ್ ಕೂತು, ಎಂಜಿನ್ ಓಡಿ, ಕೆಳಗೆ ಬಗ್ಗಿ ನೋಡೋ ತನಕ ಹಳೇದನ್ನ ಎಸೆಯಬೇಡಿ. ಸಿಕ್ಕ ಡಬ್ಬಿ ಯಾವ ಗಾಡಿಯದ್ದೇ ಇರಲಿ, ಅದರ ಮೇಲಿನ ನಂಬರನ್ನ ಆರ್‌ಸಿ ಇಡೋ ಕವರಿನಲ್ಲಿ ಬರೆದಿಡಿ. ಒಂದು ಬೇಕಾದರೆ ಎರಡು ಕೊಳ್ಳಿ. ತಟ್ಟೆ ಎಣಿಸಿಕೊಳ್ಳಿ, ಹಳೇ ರಿಂಗು ಕೀಳಿಸಿ. ಹಾಂ, ಮತ್ತೆ ಭಾನುವಾರ ಹೋಗಬೇಡಿ, ಜೆ.ಸಿ. ರಸ್ತೆಯಲ್ಲಿ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತೆ. ಶನಿವಾರ ಬೆಳಗ್ಗೇನೇ ಹೊರಡಿ.